ಸ್ಥಿರಾಸ್ತಿ ಮೌಲ್ಯಮಾಪಕರಿಗೆ ನಿರಂತರ ಶಿಕ್ಷಣ: ಬಾಂದ್ರಾದಿಂದ ಒಂದು ಪಾಠ

ಸಾಮಾನ್ಯ ಕುಟುಂಬವೊಂದರ ಜೀವಮಾನದ ಗಳಿಕೆಯ ಬಹುಭಾಗವು ವಾಸದ ಮನೆಯಲ್ಲಿಯೇ ಅಡಗಿರುತ್ತದೆ. ಆ ಮನೆಯನ್ನು ಕೊಳ್ಳುವಾಗ, ಮಾರುವಾಗ, ಬ್ಯಾಂಕಿಗೆ ಅಡವಿಡುವಾಗ, ಮಕ್ಕಳಿಗೆ ಪಾಲು ಮಾಡಿಕೊಡುವಾಗ ಏಳುವ ಪ್ರಶ್ನೆ ಒಂದೇ: ಇದರ ನ್ಯಾಯವಾದ ಮೌಲ್ಯವೆಷ್ಟು? ಇದಕ್ಕೆ ಶಾಸ್ತ್ರೀಯವಾಗಿ ಉತ್ತರ ನೀಡುವ ಹೊಣೆ ಸ್ಥಿರಾಸ್ತಿ ಮೌಲ್ಯಮಾಪಕನದು. ಆತನ ಜ್ಞಾನವು ಹಳತಾದರೆ ನಷ್ಟವನ್ನು ಅನುಭವಿಸುವವರು ಆತನ ವರದಿಯನ್ನು ನಂಬಿದ ನಾಗರಿಕರು. ಆದುದರಿಂದ ಮೌಲ್ಯಮಾಪಕರ ನಿರಂತರ ಶಿಕ್ಷಣವು ಆ ವೃತ್ತಿಯವರಿಗಷ್ಟೇ ಸೇರಿದ ವಿಷಯವಲ್ಲ. ಮುಂಬಯಿಯ ಬಾಂದ್ರಾ ಉಪನಗರವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೌಲ್ಯಮಾಪನ ಎಂದರೇನು?

ಬೆಲೆ ಮತ್ತು ಮೌಲ್ಯ ಒಂದೇ ಅಲ್ಲ. ಒಂದು ವ್ಯವಹಾರದಲ್ಲಿ ವಾಸ್ತವವಾಗಿ ಕೈಬದಲಾದ ಹಣವು ಬೆಲೆ. ತಿಳಿವಳಿಕೆಯುಳ್ಳ ಕೊಳ್ಳುವವನು ಮತ್ತು ಮಾರುವವನು, ಯಾವ ಒತ್ತಾಯವೂ ಇಲ್ಲದೆ, ನಿರ್ದಿಷ್ಟ ದಿನದಂದು ಒಪ್ಪಬಹುದಾದ ಮೊತ್ತದ ಅಂದಾಜು ಮೌಲ್ಯ. ಈ ಅಂದಾಜಿಗೆ ಮುಖ್ಯವಾಗಿ ಮೂರು ವಿಧಾನಗಳಿವೆ. ಸುತ್ತಮುತ್ತಲಿನ ಇತ್ತೀಚಿನ ಮಾರಾಟಗಳೊಡನೆ ಹೋಲಿಸುವುದು ಮೊದಲನೆಯದು. ಆಸ್ತಿಯಿಂದ ಬರುವ ಬಾಡಿಗೆಯ ಆಧಾರದ ಮೇಲೆ ಲೆಕ್ಕ ಹಾಕುವುದು ಎರಡನೆಯದು. ನಿವೇಶನದ ಮೌಲ್ಯಕ್ಕೆ ಕಟ್ಟಡದ ಇಂದಿನ ನಿರ್ಮಾಣ ವೆಚ್ಚವನ್ನು ಸೇರಿಸಿ, ಸವಕಳಿಯನ್ನು ಕಳೆಯುವುದು ಮೂರನೆಯದು. ಯಾವ ಸಂದರ್ಭಕ್ಕೆ ಯಾವ ವಿಧಾನ ಸಲ್ಲುತ್ತದೆ ಎಂಬ ವಿವೇಚನೆಯಲ್ಲಿಯೇ ಮೌಲ್ಯಮಾಪಕನ ವಿದ್ಯೆಯ ಪರೀಕ್ಷೆ ಇದೆ.

ಬಾಂದ್ರಾವನ್ನು ಏಕೆ ನೋಡಬೇಕು?

ಭೂಮಿ ಮತ್ತು ವಸತಿಗೆ ಸಂಬಂಧಿಸಿದ ಅನೇಕ ಕಚೇರಿಗಳು ಬಾಂದ್ರಾ ಪೂರ್ವದಲ್ಲಿವೆ. ಮುಂಬಯಿ ಉಪನಗರ ಜಿಲ್ಲೆಯ ಕಲೆಕ್ಟರ್ ಕಚೇರಿ, ಕಲಾನಗರದಲ್ಲಿರುವ 'ಮ್ಹಾಡಾ' ವಸತಿ ಪ್ರಾಧಿಕಾರ, ಕೊಳಚೆ ಪ್ರದೇಶ ಪುನರ್ವಸತಿ ಪ್ರಾಧಿಕಾರ ಮತ್ತು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ 'ಮಹಾರೇರಾ' ಇವುಗಳಲ್ಲಿ ಪ್ರಮುಖವಾದವು.

ಭೂಮಿಯ ಹಕ್ಕಿನ ಹಲವು ಬಗೆಗಳೂ ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಕಾಣಸಿಗುತ್ತವೆ. ರಣವಾರ್, ಚಿಂಬಾಯಿಗಳಂತಹ ಹಳೆಯ ಗಾವಠಾಣಗಳಲ್ಲಿ ಇಕ್ಕಟ್ಟಾದ ಓಣಿಗಳ ನಡುವೆ ಪುಟ್ಟ ಮನೆಗಳಿವೆ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ನಿವೇಶನಗಳನ್ನು 80 ವರ್ಷಗಳ ಗುತ್ತಿಗೆಯ ಮೇಲೆ ನೀಡಿದೆ. ಅಲ್ಲಿ ಭೂಮಿಯ ಒಡೆತನವು ಕಟ್ಟಡದ ಮಾಲೀಕನದಲ್ಲ. ಗುತ್ತಿಗೆಯ ಉಳಿದ ಅವಧಿಯೂ ಮೌಲ್ಯದ ಒಂದು ಅಂಗವಾಗುತ್ತದೆ. ಹಳೆಯ ಬಾಡಿಗೆ ಮನೆಗಳಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆ ಬಾಡಿಗೆದಾರನಿಗಿರುವುದರಿಂದ ಮಾಲೀಕನ ಹಕ್ಕಿನ ಮೌಲ್ಯ ಕುಗ್ಗುತ್ತದೆ.

ಸಹಕಾರಿ ಗೃಹನಿರ್ಮಾಣ ಸಂಘಗಳ ಮನೆಗಳು ಮತ್ತೊಂದು ಬಗೆ. ಈ ಚಳವಳಿಯ ಆದ್ಯರಲ್ಲಿ ಒಬ್ಬರು ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು. ಅವರ ಪ್ರಯತ್ನದಿಂದ 1915ರಲ್ಲಿ ಮುಂಬಯಿಯ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಸ್ಥಾಪನೆಯಾಯಿತು. ಇಂತಹ ಸಂಘಗಳಲ್ಲಿ ನಿವೇಶನ ಹಾಗೂ ಕಟ್ಟಡದ ಒಡೆತನ ಸಂಘಕ್ಕೆ ಸೇರಿದ್ದು, ಸದಸ್ಯನಿಗೆ ಷೇರು ಮತ್ತು ವಾಸದ ಹಕ್ಕು ಇರುತ್ತದೆ. ಉಪನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗ ಕುಟುಂಬಗಳ ಮನೆಗಳು ಇಂತಹ ಸಂಘಗಳಲ್ಲಿಯೇ ಇವೆ. ಕಟ್ಟಡವು ಪುನರ್‌ನಿರ್ಮಾಣಕ್ಕೆ ಬಂದಾಗ ಯಾರಿಗೆ ಎಷ್ಟು ಸಲ್ಲಬೇಕೆಂಬ ಪ್ರಶ್ನೆ ಏಳುವುದೂ ಇಲ್ಲಿಯೇ.

ತಪ್ಪಿನ ಬೆಲೆ: ಒಂದು ಲೆಕ್ಕ

ವಿಷಯದ ಗಾಂಭೀರ್ಯವನ್ನು ಮನಗಾಣಲು ಕೇವಲ ಕಲ್ಪಿತ ಅಂಕಿಗಳ ಒಂದು ಲೆಕ್ಕವನ್ನು ನೋಡೋಣ. ಒಂದು ಫ್ಲ್ಯಾಟಿನ ಕಾರ್ಪೆಟ್ ವಿಸ್ತೀರ್ಣ 450 ಚದರ ಅಡಿ. ಮೆಟ್ಟಿಲು, ಲಿಫ್ಟ್, ಮೊಗಸಾಲೆ ಮುಂತಾದವುಗಳ ಪಾಲನ್ನು ಸೇರಿಸಿ ಹೇಳುವ 'ಸೂಪರ್ ಬಿಲ್ಟ್-ಅಪ್' ವಿಸ್ತೀರ್ಣ 630 ಚದರ ಅಡಿ. ಆ ಬಡಾವಣೆಯಲ್ಲಿ ಕಾರ್ಪೆಟ್ ವಿಸ್ತೀರ್ಣದ ಪ್ರತಿ ಚದರ ಅಡಿಗೆ 40,000 ರೂಪಾಯಿ ದರವಿದೆ ಎಂದು ಭಾವಿಸೋಣ. ಸರಿಯಾದ ಮೌಲ್ಯ 1 ಕೋಟಿ 80 ಲಕ್ಷ ರೂಪಾಯಿ. ಆದರೆ ಹಳೆಯ ರೂಢಿಗೆ ಅಂಟಿಕೊಂಡ ಮೌಲ್ಯಮಾಪಕನು ಅದೇ ದರವನ್ನು 630 ಚದರ ಅಡಿಗೆ ಅನ್ವಯಿಸಿದರೆ ಮೌಲ್ಯವು 2 ಕೋಟಿ 52 ಲಕ್ಷವಾಗುತ್ತದೆ. ವ್ಯತ್ಯಾಸ 72 ಲಕ್ಷ ರೂಪಾಯಿ.

ಗೃಹಸಾಲವು 75 ಲಕ್ಷ ರೂಪಾಯಿಗಳನ್ನು ಮೀರಿದಾಗ ಅದರ ಮೊತ್ತವು ಆಸ್ತಿಯ ಮೌಲ್ಯದ ಶೇ. 75ಕ್ಕಿಂತ ಹೆಚ್ಚಾಗಬಾರದೆಂದು ರಿಸರ್ವ್ ಬ್ಯಾಂಕು ನಿಗದಿಪಡಿಸಿದೆ. ತಪ್ಪು ಮೌಲ್ಯವನ್ನು ನಂಬಿ ಅದೇ ಮೊತ್ತಕ್ಕೆ ಮನೆಯನ್ನು ಕೊಂಡ ಕುಟುಂಬವು 63 ಲಕ್ಷ ಸ್ವಂತ ಹಣವನ್ನು ಹಾಕಿ 1 ಕೋಟಿ 89 ಲಕ್ಷ ಸಾಲವನ್ನು ಪಡೆಯಬಹುದು. ಬಳಿಕ ಅನಾರೋಗ್ಯದಿಂದಲೋ ಉದ್ಯೋಗ ನಷ್ಟದಿಂದಲೋ ಕಂತು ಕಟ್ಟಲಾಗದೆ ಮನೆಯನ್ನು ಒಡನೆಯೇ ಮಾರಬೇಕಾಗಿ ಬಂದರೆ ದೊರೆಯುವುದು 1 ಕೋಟಿ 80 ಲಕ್ಷ. ಸ್ವಂತ ಹಣವೆಲ್ಲವೂ ಹೋಗಿ, ಮೇಲೆ 9 ಲಕ್ಷ ರೂಪಾಯಿ ಸಾಲ ಉಳಿಯುತ್ತದೆ. ಬ್ಯಾಂಕಿಗೂ ಪೂರ್ಣ ಭದ್ರತೆ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಆಸ್ತಿ ಪಾಲಿನ ಸಮಯದಲ್ಲಿ ಮನೆಯ ಮೌಲ್ಯವನ್ನು ಕಡಿಮೆ ತೋರಿಸಿದರೆ, ಹಣದ ರೂಪದಲ್ಲಿ ತನ್ನ ಪಾಲನ್ನು ಪಡೆಯುವ ಮಗಳಿಗೆ ಅನ್ಯಾಯವಾಗುತ್ತದೆ.

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯು ಕಾರ್ಪೆಟ್ ವಿಸ್ತೀರ್ಣಕ್ಕೆ ಸ್ಪಷ್ಟ ವ್ಯಾಖ್ಯೆಯನ್ನು ನೀಡಿದೆ. ಹೊರಗೋಡೆಗಳು, ಕೊಳವೆ ಮಾರ್ಗಗಳ ಜಾಗ, ಬಾಲ್ಕನಿ ಮತ್ತು ತೆರೆದ ತಾರಸಿ ಇದರಲ್ಲಿ ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಇದಕ್ಕೆ ಮುಂಚೆ ವೃತ್ತಿಗೆ ಬಂದವರು ಈ ವ್ಯಾಖ್ಯೆಯನ್ನು ಹೊಸದಾಗಿ ಕಲಿಯಲೇಬೇಕಾಯಿತು.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಮೌಲ್ಯಮಾಪಕರ ನೋಂದಣಿಗೆ 1957ರ ಸಂಪತ್ತು ತೆರಿಗೆ ಕಾಯಿದೆಯಲ್ಲಿ ಮೊದಲು ಅವಕಾಶ ಕಲ್ಪಿಸಲಾಗಿತ್ತು. ಕಾಲಕ್ರಮದಲ್ಲಿ ಸಂಪತ್ತು ತೆರಿಗೆಯೇ ರದ್ದಾಯಿತು. 2013ರ ಕಂಪನಿಗಳ ಕಾಯಿದೆಯ 247ನೆಯ ಪ್ರಕರಣವು 2017ರ ಅಕ್ಟೋಬರ್ 18ರಂದು ಜಾರಿಗೆ ಬಂದಿತು. ಅದರಂತೆ ರಚಿಸಲಾದ ನಿಯಮಗಳು ಆಸ್ತಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ವ್ಯವಹರಿಸುತ್ತವೆ: ಭೂಮಿ ಮತ್ತು ಕಟ್ಟಡ, ಸ್ಥಾವರ ಮತ್ತು ಯಂತ್ರೋಪಕರಣ, ಷೇರು ಹಾಗೂ ಹಣಕಾಸು ಆಸ್ತಿ. ಇದರ ಮೇಲ್ವಿಚಾರಣೆಯ ಹೊಣೆಯನ್ನು ಐ.ಬಿ.ಬಿ.ಐ. ಎಂದು ಪರಿಚಿತವಾದ ಭಾರತೀಯ ಋಣಶೋಧನ ಅಕ್ಷಮತೆ ಮತ್ತು ದಿವಾಳಿತನ ಮಂಡಳಿಗೆ ವಹಿಸಲಾಯಿತು.

ಈ ವ್ಯವಸ್ಥೆಯಲ್ಲಿ ನೋಂದಣಿ ಬಯಸುವವರು ನಿಗದಿತ ವಿದ್ಯಾರ್ಹತೆ ಮತ್ತು ಅನುಭವವನ್ನು ಹೊಂದಿರಬೇಕು. ಮಾನ್ಯತೆ ಪಡೆದ ನೋಂದಾಯಿತ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯರಾಗಬೇಕು. 50 ಗಂಟೆಗಳ ಶಿಕ್ಷಣಕ್ರಮವನ್ನು ಪೂರೈಸಿ, ಗಣಕಯಂತ್ರದ ಮೂಲಕ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಷ್ಟಕ್ಕೇ ಕಲಿಕೆ ಮುಗಿಯುವುದಿಲ್ಲ. ಸದಸ್ಯರಿಗೆ ನಿರಂತರ ಶಿಕ್ಷಣವನ್ನು ಒದಗಿಸುವುದು ಮಾನ್ಯತೆ ಪಡೆಯುವ ಸಂಸ್ಥೆಯ ಹೊಣೆಗಳಲ್ಲಿ ಒಂದೆಂದು ನಿಯಮಗಳು ಹೇಳುತ್ತವೆ. ಮೌಲ್ಯಮಾಪಕನು ತನ್ನ ಜ್ಞಾನ ಹಾಗೂ ಕೌಶಲವನ್ನು ಕಾಲಕ್ಕೆ ತಕ್ಕಂತೆ ಉಳಿಸಿಕೊಂಡು ಬರಬೇಕೆಂದು ಮಾದರಿ ನೀತಿಸಂಹಿತೆಯೂ ವಿಧಿಸುತ್ತದೆ.

ಒಮ್ಮೆ ಕಲಿತದ್ದು ಏಕೆ ಸಾಲದು?

ಮೊದಲನೆಯದಾಗಿ, ಕಾನೂನು ಬದಲಾಗುತ್ತದೆ. ಮುಂಬಯಿಯಲ್ಲಿ 2018ರಲ್ಲಿ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಜಾರಿಗೆ ಬಂದು, ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ಲೆಕ್ಕವೇ ಬದಲಾಯಿತು. 2019ರ ಜನವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಬಾಂದ್ರಾದ ಸಮುದ್ರತೀರದಂತಹ ಪ್ರದೇಶಗಳಿಗೆ ಮಹತ್ವದ್ದು. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆಯ ಕ್ರಮವೂ ಬದಲಾಯಿತು. 2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡ ಮನೆಗಳಿಗೆ ಆ ದಿನದ ನ್ಯಾಯಬೆಲೆಯನ್ನು ಆಧಾರವಾಗಿ ತೆಗೆದುಕೊಳ್ಳಲು ಅವಕಾಶವಿರುವುದರಿಂದ, ಮಾರುವವರು ಮೌಲ್ಯಮಾಪಕರ ಬಳಿಗೆ ಹೋಗುವುದುಂಟು. ಎರಡು ದಶಕಗಳ ಹಿಂದಿನ ಮೌಲ್ಯವನ್ನು ದಾಖಲೆಗಳಿಂದ ಹೊರತೆಗೆಯುವುದು ಬೇರೆಯೇ ಆದ ಕೌಶಲ.

ಎರಡನೆಯದಾಗಿ, ದಾಖಲೆಗಳ ಸ್ವರೂಪ ಬದಲಾಗಿದೆ. ನೋಂದಾಯಿತ ದಸ್ತಾವೇಜುಗಳ ಸೂಚಿ, ಪ್ರಾಪರ್ಟಿ ಕಾರ್ಡು, ಸರ್ಕಾರದ 'ರೆಡಿ ರೆಕನರ್' ದರಪಟ್ಟಿ, ಮಹಾರೇರಾದಲ್ಲಿ ನೋಂದಣಿಯಾದ ಯೋಜನೆಗಳ ವಿವರ ಇವೆಲ್ಲ ಈಗ ಅಂತರ್ಜಾಲದಲ್ಲಿ ಲಭ್ಯ. ಕರ್ನಾಟಕದ ಓದುಗರಿಗೆ 'ಭೂಮಿ' ಮತ್ತು 'ಕಾವೇರಿ' ವ್ಯವಸ್ಥೆಗಳು, ಮಾರ್ಗಸೂಚಿ ದರ ಇವು ಪರಿಚಿತವೇ. ಆದರೆ ರೆಡಿ ರೆಕನರ್ ದರವಾಗಲಿ, ಮಾರ್ಗಸೂಚಿ ದರವಾಗಲಿ ಮುದ್ರಾಂಕ ಶುಲ್ಕಕ್ಕಾಗಿ ಇರುವ ಸರಾಸರಿ ದರ. ಒಂದು ನಿರ್ದಿಷ್ಟ ಮನೆಯ ಮೌಲ್ಯವು ಅದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

ಮೂರನೆಯದಾಗಿ, ಕಟ್ಟಡಗಳಿಗೆ ವಯಸ್ಸಾಗುತ್ತದೆ. ಸಮುದ್ರದ ಗಾಳಿಯಲ್ಲಿರುವ ಲವಣಾಂಶವು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಹೊರಗೆ ಹೊಸ ಬಣ್ಣ ಬಳಿದಿದ್ದರೂ ಒಳಗೆ ತೊಲೆ ಸೊರಗಿರಬಹುದು. ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ ಪ್ರಕಾರ 30 ವರ್ಷ ಮೀರಿದ ಕಟ್ಟಡಗಳ ರಚನಾ ತಪಾಸಣೆಯನ್ನು ಮಾಡಿಸಬೇಕಾಗುತ್ತದೆ. ಆ ತಪಾಸಣೆಯ ವರದಿಯನ್ನು ಓದಿ ಅರ್ಥೈಸಿಕೊಳ್ಳುವ ಶಕ್ತಿ ಮೌಲ್ಯಮಾಪಕನಿಗಿರಬೇಕು.

ಆನ್‌ಲೈನ್ ಶಿಕ್ಷಣದ ಅನುಕೂಲಗಳು ಮತ್ತು ಮಿತಿಗಳು

2020ರಲ್ಲಿ ಕೋವಿಡ್ ಹರಡಿದಾಗ ಇತರ ವೃತ್ತಿಗಳಂತೆ ಮೌಲ್ಯಮಾಪಕರ ಕಲಿಕೆಯೂ ಬಹುಮಟ್ಟಿಗೆ ಗಣಕಯಂತ್ರದ ಪರದೆಗೆ ಬಂದಿತು. ಇದರಿಂದ ಆದ ಪ್ರಯೋಜನ ಸ್ಪಷ್ಟ. ಬಾಂದ್ರಾದ ಮೌಲ್ಯಮಾಪಕರು ಹಗಲೆಲ್ಲ ಸ್ಥಳ ಪರಿಶೀಲನೆ ನಡೆಸಿ, ಸಂಜೆ ಮನೆಯಿಂದಲೇ ಪಾಠ ಕೇಳಬಹುದು. ಕಾರವಾರದ ಅಥವಾ ಕಲಬುರಗಿಯ ಎಂಜಿನಿಯರರು ಅದೇ ಪಾಠವನ್ನು ಪ್ರಯಾಣದ ವೆಚ್ಚವಿಲ್ಲದೆ ಕೇಳಬಹುದು. ಕಾನೂನಿನ ತಿದ್ದುಪಡಿ, ತೆರಿಗೆ, ವರದಿ ಬರವಣಿಗೆ, ಲೆಕ್ಕಾಚಾರದ ವಿಧಾನ, ನೀತಿಸಂಹಿತೆ ಮುಂತಾದ ವಿಷಯಗಳನ್ನು ಈ ಕ್ರಮದಲ್ಲಿ ಚೆನ್ನಾಗಿ ಕಲಿಸಬಹುದು.

ಆದರೆ ಇದಕ್ಕೆ ಮಿತಿಗಳೂ ಇವೆ. ಗೋಡೆಯ ತೇವವನ್ನು ಕೈಯಿಂದ ಮುಟ್ಟಿ ತಿಳಿಯುವುದು, ಗಿಲಾವಿನ ಟೊಳ್ಳನ್ನು ತಟ್ಟಿ ಕೇಳುವುದು, ಅನುಮೋದಿತ ನಕ್ಷೆಯನ್ನು ಕೈಯಲ್ಲಿ ಹಿಡಿದು ಅಳತೆಪಟ್ಟಿಯಿಂದ ಕೋಣೆಯನ್ನು ಅಳೆಯುವುದು ಪರದೆಯ ಮುಂದೆ ಕುಳಿತು ಬರುವ ವಿದ್ಯೆಗಳಲ್ಲ. ಹಾಜರಿಯನ್ನು ತೋರಿಸಲೆಂದೇ ಗಣಕಯಂತ್ರವನ್ನು ತೆರೆದಿಟ್ಟು ಬೇರೆ ಕೆಲಸದಲ್ಲಿ ತೊಡಗಿದರೆ ಪ್ರಮಾಣಪತ್ರ ದೊರೆತರೂ ಜ್ಞಾನ ದೊರೆಯದು. ಆದುದರಿಂದ ಉತ್ತಮ ಶಿಕ್ಷಣಕ್ರಮದಲ್ಲಿ ನಡುನಡುವೆ ಪ್ರಶ್ನೆಗಳು, ನೈಜ ವರದಿಗಳ ವಿಮರ್ಶೆ, ಕೊನೆಯಲ್ಲಿ ಪರೀಕ್ಷೆ, ಜೊತೆಗೆ ಅನುಭವಿಗಳೊಡನೆ ಸ್ಥಳಭೇಟಿ ಇರಬೇಕು.

ಅನ್ಯ ದೇಶಗಳ ಅನುಭವ

ಅಮೆರಿಕ ದೇಶದಲ್ಲಿ 1980ರ ದಶಕದಲ್ಲಿ ಅನೇಕ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಕುಸಿದುಬಿದ್ದವು. ದೋಷಪೂರ್ಣ ಮೌಲ್ಯಮಾಪನವೂ ಅದಕ್ಕೆ ಒಂದು ಕಾರಣವೆಂದು ಕಂಡುಬಂದುದರಿಂದ 1989ರಲ್ಲಿ ಕಾನೂನು ರಚಿಸಿ ಮೌಲ್ಯಮಾಪಕರಿಗೆ ಪರವಾನಗಿಯ ವ್ಯವಸ್ಥೆಯನ್ನು ತರಲಾಯಿತು. ಅಲ್ಲಿ ವರ್ಷಕ್ಕೆ 14 ಗಂಟೆಗಳಿಗೆ ಸಮನಾದ ನಿರಂತರ ಶಿಕ್ಷಣ ಕನಿಷ್ಠ ಅಗತ್ಯವಾಗಿದ್ದು, ವೃತ್ತಿ ಮಾನದಂಡಗಳ ಕುರಿತ 7 ಗಂಟೆಗಳ ಪಾಠವನ್ನು ಎರಡು ವರ್ಷಗಳಿಗೊಮ್ಮೆ ಪೂರೈಸಬೇಕು. ಆ ದೇಶವು ನಷ್ಟವನ್ನು ಅನುಭವಿಸಿದ ಮೇಲೆ ಕಲಿತ ಪಾಠವಿದು.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಮೌಲ್ಯಮಾಪಕರು ನೋಂದಾಯಿತರೇ, 'ಭೂಮಿ ಮತ್ತು ಕಟ್ಟಡ' ವರ್ಗದಲ್ಲಿ ನೋಂದಣಿ ಪಡೆದವರೇ ಎಂಬುದನ್ನು ವಿಚಾರಿಸಿ. ಬ್ಯಾಂಕಿನ ಸಾಲಕ್ಕಾದರೆ ಅವರು ಆ ಬ್ಯಾಂಕಿನ ಪಟ್ಟಿಯಲ್ಲಿರುವರೇ ಎಂದು ಕೇಳಿ.

2. ವರದಿಯಲ್ಲಿ ಮೌಲ್ಯಮಾಪನದ ದಿನಾಂಕ, ಉದ್ದೇಶ, ಅನುಸರಿಸಿದ ವಿಧಾನ, ಸ್ಥಳ ಪರಿಶೀಲಿಸಿದ ದಿನ ಇವು ನಮೂದಾಗಿವೆಯೇ ಎಂದು ನೋಡಿ.

3. ವಿಸ್ತೀರ್ಣವು ಕಾರ್ಪೆಟ್ಟಿನದೋ ಬೇರೆಯದೋ, ದರವು ಯಾವ ವಿಸ್ತೀರ್ಣಕ್ಕೆ ಅನ್ವಯಿಸಿದೆ ಎಂಬುದನ್ನು ಹೋಲಿಸಿ ನೋಡಿ.

4. ನಿವೇಶನವು ಸ್ವಂತದ್ದೋ, ಗುತ್ತಿಗೆಯದೋ, ಸಹಕಾರಿ ಸಂಘದ್ದೋ ಎಂಬುದು ವರದಿಯಲ್ಲಿ ಸ್ಪಷ್ಟವಾಗಿರಬೇಕು.

5. ನಿಮಗೆ ಬೇಕಾದ ಮೊತ್ತವನ್ನೇ ಬರೆದುಕೊಡುವೆನೆನ್ನುವವರಿಂದ ದೂರವಿರಿ. ಅನುಕೂಲಕ್ಕೆ ತಕ್ಕ ಮೌಲ್ಯಮಾಪನವನ್ನು ನೀತಿಸಂಹಿತೆಯು ನಿಷೇಧಿಸಿದೆ.

6. ಇತ್ತೀಚೆಗೆ ಯಾವ ಶಿಕ್ಷಣಕ್ರಮವನ್ನು ಪೂರೈಸಿದಿರಿ ಎಂದು ಮೌಲ್ಯಮಾಪಕರನ್ನು ಕೇಳಲು ಸಂಕೋಚ ಬೇಡ. ನಿಷ್ಠಾವಂತ ವೃತ್ತಿನಿರತರು ಸಂತೋಷದಿಂದಲೇ ಉತ್ತರಿಸುವರು.

ವೈದ್ಯನು ಹೊಸ ಔಷಧಗಳನ್ನು ಅರಿಯದಿದ್ದರೆ ರೋಗಿಗೆ ಹೇಗೆ ಹಾನಿಯೋ, ಮೌಲ್ಯಮಾಪಕನು ಹೊಸ ಕಾನೂನು ಮತ್ತು ಹೊಸ ಮಾನದಂಡಗಳನ್ನು ಅರಿಯದಿದ್ದರೆ ಗೃಹಸ್ಥನಿಗೆ ಹಾಗೆಯೇ ಹಾನಿ. ಕಲಿಯುವ ಹೊಣೆ ಮೌಲ್ಯಮಾಪಕನದಾದರೆ, ಕೇಳಿ ತಿಳಿದುಕೊಳ್ಳುವ ಹೊಣೆ ನಾಗರಿಕನದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಬೆಲೆ ಮತ್ತು ಮೌಲ್ಯಗಳಿಗಿರುವ ವ್ಯತ್ಯಾಸವೇನು?

2. 600 ಚದರ ಅಡಿ 'ಸೂಪರ್ ಬಿಲ್ಟ್-ಅಪ್' ವಿಸ್ತೀರ್ಣದ ಫ್ಲ್ಯಾಟಿನ ಕಾರ್ಪೆಟ್ ವಿಸ್ತೀರ್ಣ 420 ಚದರ ಅಡಿ. ಕಾರ್ಪೆಟ್ ವಿಸ್ತೀರ್ಣದ ದರವು ಚದರ ಅಡಿಗೆ 10,000 ರೂಪಾಯಿ ಆದರೆ ಸರಿಯಾದ ಮೌಲ್ಯವೆಷ್ಟು? ತಪ್ಪು ವಿಸ್ತೀರ್ಣವನ್ನು ಬಳಸಿದರೆ ಆಗುವ ವ್ಯತ್ಯಾಸವೆಷ್ಟು?

3. ಮೌಲ್ಯಮಾಪನದ ಯಾವ ಅಂಗಗಳನ್ನು ಆನ್‌ಲೈನ್ ಮೂಲಕ ಕಲಿಯಬಹುದು? ಯಾವುದಕ್ಕೆ ಸ್ಥಳಭೇಟಿ ಅಗತ್ಯ?

(ಎರಡನೆಯ ಪ್ರಶ್ನೆಗೆ ಉತ್ತರ: ಸರಿಯಾದ ಮೌಲ್ಯ 42 ಲಕ್ಷ ರೂಪಾಯಿ, ವ್ಯತ್ಯಾಸ 18 ಲಕ್ಷ ರೂಪಾಯಿ.)