ತಕರಾರು ಮಾಡದ ದಿನಾಂಕ: ಡೇಟಾಬೇಸ್ ಘಟಕದ ಒಂದು ಅಭ್ಯಾಸ ಪಾಠ

ದ್ವಿತೀಯ ಪಿಯುಸಿ ಗಣಕ ವಿಜ್ಞಾನ ತರಗತಿಯಲ್ಲಿ ಪೂರ್ವಜ್ಞಾನ ಪರೀಕ್ಷೆಗೆಂದು ಹಲಗೆಯ ಮೇಲೆ ಒಂದು ಜನ್ಮ ದಿನಾಂಕ ಬರೆದೆ: 06/05/2020. ಯಾವ ತಿಂಗಳು ಎಂದು ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ ‘ಮೇ’ ಎಂದರು. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದ ರೂಢಿಯಲ್ಲಿ ಇದೇ ಬರಹ ಜೂನ್ 5 ಆಗುತ್ತದೆ.

ಪಾಠಕ್ಕೆ ಬಳಸಿದ್ದು ಎಸ್‌ಕ್ಯೂಎಲ್ ಸರ್ವರ್. ಇಂಥ ಬರಹವನ್ನು ಅದು ಹೇಗೆ ಓದುತ್ತದೆ ಎಂಬುದು ಸಾಮಾನ್ಯವಾಗಿ ಲಾಗಿನ್‌ಗೆ ನಿಗದಿಯಾದ ಭಾಷೆಯನ್ನು ಅವಲಂಬಿಸಿದೆ. ಒಂದು ಗುಂಪಿಗೆ ಬ್ರಿಟಿಷ್ ಇಂಗ್ಲಿಷ್, ಇನ್ನೊಂದಕ್ಕೆ ಅಮೆರಿಕನ್ ಇಂಗ್ಲಿಷ್ ಇರುವ ಲಾಗಿನ್ ಕೊಟ್ಟು, ಆ ದಿನಾಂಕವನ್ನು ಡೇಟ್‌ಟೈಮ್ ಕಾಲಂಗೆ ಸೇರಿಸಲು ಹೇಳಿದೆ. ಎರಡೂ ಕಡೆ ಯಾವ ದೋಷವೂ ಬರಲಿಲ್ಲ. ಬಳಿಕ 2026ರ ಜೂನ್ 1ಕ್ಕೆ ಆರು ವರ್ಷ ತುಂಬಿದ ಮಕ್ಕಳ ಪಟ್ಟಿ ಕೇಳಿದೆ. ಮೊದಲ ಗುಂಪಿನ ಪಟ್ಟಿಯಲ್ಲಿ ಮಗು ಇತ್ತು. ಎರಡನೆಯದರಲ್ಲಿ ನಾಲ್ಕು ದಿನ ಕಡಿಮೆಯಾಗಿ ಬಿಟ್ಟುಹೋಗಿತ್ತು. “ಹಾಗಾದ್ರೆ ಈ ಮಗೂಗೆ ಒಂದನೇ ಕ್ಲಾಸಿಗೆ ಸೀಟ್ ಇಲ್ವಾ ಸರ್?” ಎಂದು ಒಬ್ಬ ಕೇಳಿದ. ಪ್ರೇರಣೆಗೆ ನಾನು ಸಿದ್ಧಮಾಡಿದ್ದ ಪ್ರಶ್ನೆಗಿಂತ ಇದೇ ಚೆನ್ನಾಗಿತ್ತು.

25/05/2020ರಂಥ ಉದಾಹರಣೆಯನ್ನು ಬೇಕೆಂದೇ ಮೊದಲು ಕೊಡಲಿಲ್ಲ. 25ನೇ ತಿಂಗಳು ಇಲ್ಲವಾದ್ದರಿಂದ ಅಮೆರಿಕನ್ ಲಾಗಿನ್‌ನಲ್ಲಿ ಸರ್ವರ್ ತಾನೇ ತಕರಾರು ತೆಗೆಯುತ್ತದೆ, ನಾವು ತಿದ್ದಿಕೊಳ್ಳುತ್ತೇವೆ. ಅಪಾಯವಿರುವುದು 12ರೊಳಗಿನ ದಿನಗಳಲ್ಲಿ. ಅಂಥವು ವರ್ಷಕ್ಕೆಷ್ಟು? ತಿಂಗಳಿಗೆ 12ರಂತೆ 144 ಎಂದು ತರಗತಿ ಲೆಕ್ಕ ಹಾಕಿತು. ಕೊನೆಯ ಬೆಂಚಿನ ಹುಡುಗಿ 05/05ರಂಥ 12ನ್ನು ಕಳೆದು 132 ಎಂದಳು. ಪಾಠಯೋಜನೆಯಲ್ಲಿ ಇದಕ್ಕೆ ಸಮಯವಿರಲಿಲ್ಲ, ಆದರೂ ನಿಲ್ಲಿಸಲಿಲ್ಲ.

ಪರಿಹಾರ ಕೇಳಿದಾಗ ಬಂದ ಮೊದಲ ಉತ್ತರ, ದಿನಾಂಕವನ್ನು ಪಠ್ಯವಾಗಿಯೇ ಇಡೋಣ ಎಂಬುದು. ಹಾಗೆ ಇಟ್ಟರೆ ವಿಂಗಡಿಸುವಾಗ 01/12/2019 ಎಂಬುದು 02/01/2018ಕ್ಕಿಂತ ಮುಂದೆ ಬಂದು ಕೂರುತ್ತದೆ. ಎರಡನೆಯ ಉತ್ತರ 2020-05-06. ಇದನ್ನು ಶಿಕ್ಷಕರೂ ನಿರಾಳವಾಗಿ ನಂಬುತ್ತಾರೆ. ಬ್ರಿಟಿಷ್ ಲಾಗಿನ್‌ನಲ್ಲಿ ಡೇಟ್‌ಟೈಮ್ ಕಾಲಂಗೆ ಇದನ್ನು ಹಾಕಿಸಿದೆ. ಸರ್ವರ್ ಅದನ್ನು ವರ್ಷ, ದಿನ, ತಿಂಗಳು ಎಂದು ಓದಿ ಜೂನ್ 5 ಮಾಡಿತು! ಡೇಟ್ ಎಂಬ ಹೊಸ ಬಗೆಯ ಕಾಲಂನಲ್ಲಿ ಈ ತೊಂದರೆ ಇಲ್ಲ. ಅಡ್ಡಗೆರೆಯಿಲ್ಲದೆ 20200506 ಎಂದು ಬರೆದರೆ ಯಾವ ಭಾಷೆಯ ಲಾಗಿನ್ ಇದ್ದರೂ ಅದು ಮೇ 6. ಅರ್ಜಿಗಳಿಂದ ನಮ್ಮ ರೂಢಿಯಲ್ಲೇ ಬರುವ ಬರಹವಿದ್ದರೆ ಕನ್ವರ್ಟ್ ಫಲನಕ್ಕೆ 103 ಎಂಬ ಶೈಲಿ ಸಂಖ್ಯೆ ಕೊಡಬೇಕು. ದಿನ ಮೊದಲು ಎಂದು ಸರ್ವರ್‌ಗೆ ನಾವೇ ಹೇಳಿದಂತೆ. ಪರದೆಯ ಮೇಲೆ ಹೇಗೆ ತೋರಿಸಬೇಕೆಂಬುದು ಬೇರೆಯೇ ವಿಷಯ, ಅದನ್ನು ಮುಂದಿನ ಅವಧಿಗೆ ಬಿಟ್ಟೆ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಎರಡು ಲಾಗಿನ್ ಮಾಡಿಕೊಡಲು ಪ್ರಯೋಗಾಲಯದಲ್ಲಿ ಒಪ್ಪದಿದ್ದರೆ, ಒಂದೇ ಲಾಗಿನ್‌ನಲ್ಲಿ ಸೆಟ್ ಲ್ಯಾಂಗ್ವೇಜ್ ಆದೇಶದಿಂದ ಭಾಷೆ ಬದಲಿಸಬಹುದು. ಆ ಬದಲಾವಣೆ ಆ ಸಂಪರ್ಕಕ್ಕಷ್ಟೇ ಅನ್ವಯ, ಹಾಗಾಗಿ ಮುಂದಿನ ತಂಡಕ್ಕೆ ತೊಂದರೆಯಾಗದು.