ರಫೆಲ್ ನಡಾಲ್: ಆವೆಮಣ್ಣಿನ ಅಂಕಣದ ದೊರೆ

ಜನನ: 1986ರ ಜೂನ್ 3, ಮನಾಕೊರ್, ಮಯೋರ್ಕಾ ದ್ವೀಪ (ಸ್ಪೇನ್). ಎಡಗೈ ಟೆನಿಸ್ ಆಟಗಾರ.

ಗ್ರ್ಯಾನ್‌ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿಗಳು: ಒಟ್ಟು 22
- ಫ್ರೆಂಚ್ ಓಪನ್: 14 (2005–08, 2010–14, 2017–20, 2022)
- ಅಮೆರಿಕ ಓಪನ್: 4 (2010, 2013, 2017, 2019)
- ವಿಂಬಲ್ಡನ್: 2 (2008, 2010)
- ಆಸ್ಟ್ರೇಲಿಯಾ ಓಪನ್: 2 (2009, 2022)

ಒಲಿಂಪಿಕ್ಸ್ ಚಿನ್ನ: 2008 ಬೀಜಿಂಗ್ (ಸಿಂಗಲ್ಸ್), 2016 ರಿಯೊ (ಡಬಲ್ಸ್, ಜೊತೆಗಾರ ಮಾರ್ಕ್ ಲೋಪೆಜ್).

ಇತರ ಸಾಧನೆಗಳು
- ಫ್ರೆಂಚ್ ಓಪನ್‌ನಲ್ಲಿ ಆಡಿದ 116 ಪಂದ್ಯಗಳಲ್ಲಿ 112 ಗೆಲುವು. ಅಲ್ಲಿ ಆಡಿದ 14 ಫೈನಲ್‌ಗಳಲ್ಲಿ ಒಂದನ್ನೂ ಸೋತಿಲ್ಲ.
- 2005–07ರ ಅವಧಿಯಲ್ಲಿ ಆವೆಮಣ್ಣಿನ ಅಂಕಣದಲ್ಲಿ ಸತತ 81 ಜಯ.
- ಎಟಿಪಿ ಸಿಂಗಲ್ಸ್ ಪ್ರಶಸ್ತಿ 92. ಇವುಗಳಲ್ಲಿ ಮಾಸ್ಟರ್ಸ್ 1000 ಟೂರ್ನಿಗಳವು 36.
- ವಿಶ್ವ ಅಗ್ರಸ್ಥಾನದಲ್ಲಿ 209 ವಾರ.
- ನಾಲ್ಕೂ ಗ್ರ್ಯಾನ್‌ಸ್ಲ್ಯಾಮ್ ಮತ್ತು ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದ ಪುರುಷರು ಮೂವರೇ: ಆಂಡ್ರೆ ಅಗಾಸ್ಸಿ, ನಡಾಲ್, ನೊವಾಕ್ ಜೊಕೊವಿಕ್.

ನಿವೃತ್ತಿ: 2024ರ ನವೆಂಬರ್, ಮಲಗಾದಲ್ಲಿ ನಡೆದ ಡೇವಿಸ್ ಕಪ್ ಫೈನಲ್ಸ್ ಟೂರ್ನಿ.

ಗಮನಿಸಿ: ಒಂದೇ ಗ್ರ್ಯಾನ್‌ಸ್ಲ್ಯಾಮ್ ಟೂರ್ನಿಯಲ್ಲಿ ಅತಿ ಹೆಚ್ಚು ಸಿಂಗಲ್ಸ್ ಪ್ರಶಸ್ತಿ ಗೆದ್ದವರು ನಡಾಲ್ (14). ಒಟ್ಟಾರೆ ಅತಿ ಹೆಚ್ಚು ಗ್ರ್ಯಾನ್‌ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಪುರುಷ ಆಟಗಾರ ಜೊಕೊವಿಕ್ (24). ಇವೆರಡನ್ನು ಅದಲುಬದಲು ಮಾಡಿಕೊಳ್ಳಬೇಡಿ.