ಮೆಚ್ಚಿನ ವಚನವೂ ಶಬ್ದಪ್ರಸಾದವೂ

ಮಠದ ಅನುಭಾವಗೋಷ್ಠಿಯಲ್ಲಾಗಲಿ, ಶ್ರಾವಣಮಾಸದ ಪುರಾಣದ ಕೊನೆಗಾಗಲಿ ಗಾಯಕನು ತಂಬೂರಿಯನ್ನು ಶ್ರುತಿಗೂಡಿಸಿ ಕುಳಿತೊಡನೆ ಸಭೆಯೊಳಗಿಂದ ಒಂದು ಕೋರಿಕೆ ಬರುವುದುಂಟು: ಇಂಥ ವಚನವೇ ಆಗಬೇಕು ಎಂದು. ಕೋರಿದವನು ಅದನ್ನು ನೂರು ಸಲ ಕೇಳಿದವನು. ಮುಂದಿನ ಮಾತು ಗಾಯಕನ ಕಂಠಕ್ಕಿಂತ ಮೊದಲು ಅವನ ತುಟಿಗೆ ಬಂದಿರುತ್ತದೆ. ಆದರೂ ಅವನಿಗೆ ಅದೇ ಬೇಕು. ಪ್ರತಿಯೊಬ್ಬ ಭಕ್ತನಿಗೂ ಹೀಗೆ ಒಂದೆರಡು ಮೆಚ್ಚಿನ ವಚನಗಳಿರುವುದು ಸಹಜವೇ ಸರಿ. ಆ ಮೆಚ್ಚುಗೆಯು ಬರಿಯ ಕಿವಿಯ ಸುಖವೋ, ಲಿಂಗಕ್ಕೆ ಅರ್ಪಿತವಾಗಿ ಬಂದ ಪ್ರಸಾದವೋ ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಷಟ್‌ಸ್ಥಲಶಾಸ್ತ್ರವು ಇಂದ್ರಿಯಗಳಲ್ಲಿ ಒಂದನ್ನೂ ಹೊಲ್ಲದೆಂದು ಹೊರಗಿಟ್ಟಿಲ್ಲ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಒಂದೊಂದಕ್ಕೂ ಒಂದೊಂದು ಲಿಂಗಮುಖವನ್ನು ಹೇಳಿದೆ. ಕಿವಿಯು ಶರಣಸ್ಥಲಕ್ಕೆ ಸೇರಿದುದು. ಅದರ ಪದಾರ್ಥ ಶಬ್ದ. ಅದರ ಭಕ್ತಿ ಆನಂದಭಕ್ತಿ. ಐಕ್ಯಸ್ಥಲಕ್ಕೆ ಒಂದೇ ಮೆಟ್ಟಿಲು ಈಚೆಗೆ ಕಿವಿಗೆ ಸ್ಥಾನ ದೊರೆತಿರುವುದು ಗಮನಿಸತಕ್ಕುದು. ಎಡೆಯ ಮುಂದೆ ಕುಳಿತಾಗ ಲಿಂಗಕ್ಕೆ ಅರ್ಪಿಸದೆ ತುತ್ತೆತ್ತಲು ಹಿಂಜರಿಯುವ ಗೃಹಸ್ಥನು ಶಬ್ದವನ್ನು ಮಾತ್ರ ಬಂದಂತೆ ನುಂಗಿಬಿಡುತ್ತಾನೆ. ಅನ್ನವನ್ನಾದರೆ ಕೈಯಲ್ಲಿ ಹಿಡಿದು ನಿಲ್ಲಿಸಬಹುದು, ಶಬ್ದವನ್ನು ಹಿಡಿದು ನಿಲ್ಲಿಸುವುದೆಂತು?

ಇದಕ್ಕೆ ಉತ್ತರವು ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿದೆ. ತಮ್ಮ ದೇಹವನ್ನೇ ವೀಣೆಯ ದಂಡಿಗೆಯನ್ನಾಗಿಯೂ, ತಲೆಯನ್ನು ಸೋರೆಯ ಬುರುಡೆಯನ್ನಾಗಿಯೂ, ನರಗಳನ್ನು ತಂತಿಗಳನ್ನಾಗಿಯೂ ಮಾಡಿಕೊಂಡು ಎದೆಗೊತ್ತಿ ನುಡಿಸಬೇಕೆಂದು ಅವರು ಕೂಡಲಸಂಗನಲ್ಲಿ ಬೇಡಿಕೊಳ್ಳುತ್ತಾರೆ. ಈ ವಚನವನ್ನು ಮೆಚ್ಚದ ಭಕ್ತನಿಲ್ಲ. ಆದರೆ ಅದರಲ್ಲಿ ನುಡಿಸುವವನೂ ದೇವನೇ, ಕೇಳುವವನೂ ದೇವನೇ. ಭಕ್ತನು ಅಲ್ಲಿ ಸಭಿಕನಲ್ಲ, ವಾದ್ಯ. ತಂತಿಯು ತನಗೆ ಹಿತವಾದ ರಾಗವನ್ನು ಆರಿಸಿಕೊಳ್ಳುವುದಿಲ್ಲ, ಬಿಗಿಸಿಕೊಳ್ಳುತ್ತದೆ, ಮೀಟಿಸಿಕೊಳ್ಳುತ್ತದೆ. ವಚನವನ್ನು ಕೇಳುವಾಗ ತಾನೇ ಬಿಗಿಗೊಂಡು ಮಿಡಿದರೆ ಆ ಶಬ್ದವು ಅರ್ಪಿತವಾಯಿತೆಂದು ತಿಳಿಯಬೇಕು.

ಅದೇ ಬಸವಣ್ಣನವರು ಬೇರೊಂದೆಡೆ ಶಿವನು ನಾದಕ್ಕೆ ಒಲಿಯುವವನೆಂಬ ಮಾತನ್ನು ಒಪ್ಪದೆ, ನಾದವನ್ನು ನುಡಿಸಿದ ರಾವಣನಿಗೆ ಆಯುಷ್ಯವು ಅರ್ಧಕ್ಕಿಳಿಯಿತೆಂದೂ, ವೇದವನ್ನೋದಿದ ಬ್ರಹ್ಮನ ತಲೆ ಹೋಯಿತೆಂದೂ ನೆನಪಿಸಿ, ಅವನು ಭಕ್ತಿಗೆ ಮಾತ್ರ ಒಲಿಯುವವನೆಂದು ಸಾರಿದ್ದಾರೆ. ಸಂಗೀತದ್ವೇಷದಿಂದ ಆಡಿದ ಮಾತು ಇದಲ್ಲ. ತಾಳವನ್ನೂ ಸ್ವರವನ್ನೂ ಅರಿಯದೆಯೇ ತಮಗೆ ಒಲಿದಂತೆ ಹಾಡುವೆನೆಂದವರೂ ಅವರೇ ಅಲ್ಲವೆ?

ವಚನವು ಛಂದಸ್ಸಿಗೆ ಕಟ್ಟುಬಿದ್ದುದಲ್ಲ, ಪಲ್ಲವಿ-ಚರಣಗಳ ವಿಭಾಗವೂ ಅದಕ್ಕಿಲ್ಲ. ರಾಗವನ್ನು ಗೊತ್ತುಮಾಡಿ, ಯಾವ ಮಾತಿನಲ್ಲಿ ನಿಲ್ಲಬೇಕು, ಯಾವುದನ್ನು ಮರಳಿ ಹಾಡಬೇಕೆಂಬುದನ್ನು ಗಾಯಕನೇ ನಿರ್ಣಯಿಸಬೇಕು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಓಲೆಗರಿಯ ಕಟ್ಟುಗಳಲ್ಲಿದ್ದ ವಚನಗಳನ್ನು ಮನೆಮನೆಗೆ ಮುಟ್ಟಿಸಿದರು. ಅವುಗಳನ್ನು ಕಂಠಗಳಲ್ಲಿ ನೆಲೆಗೊಳಿಸಿದವರಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಪ್ರಾತಃಸ್ಮರಣೀಯರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಕಣ್ಣಿಲ್ಲದ ಮಕ್ಕಳಿಗೆ ನಾದವನ್ನೇ ಕಣ್ಣಾಗಿ ಕೊಟ್ಟರು. ಧಾರವಾಡದ ಆಕಾಶವಾಣಿಯು ೧೯೫೦ರಲ್ಲಿ ಆರಂಭವಾದ ಮೇಲೆ ವಚನಗಾಯನವು ಮಠದ ಅಂಗಳವನ್ನು ದಾಟಿ ಹಳ್ಳಿಯ ಕಟ್ಟೆಗೂ ಬಂದಿತು. ಮಂಜೀಖಾನ್, ಬುರ್ಜೀಖಾನರಲ್ಲಿ ಕಲಿತು ಅಪರೂಪದ ರಾಗಗಳಿಗೆ ಹೆಸರಾದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ವಚನಕ್ಕೆ ಬಂದಾಗ ರಾಗವನ್ನು ಮಾತಿನ ಸೇವೆಗೆ ನಿಲ್ಲಿಸುತ್ತಿದ್ದರು. ಎಲ್ಲ ಗಾಯಕರಿಗೂ ಈ ಸಂಯಮ ಸಾಧ್ಯವಾಗದು. ತಾನಗಳ ಸುರಿಮಳೆಯಲ್ಲಿ ಶರಣರ ಮಾತು ತೊಯ್ದು ಮುದ್ದೆಯಾಗುವುದನ್ನು ಕೇಳಿದವರು ಬಲ್ಲರು. ಇಂದು ಕೈಯೊಳಗಿನ ಮೊಬೈಲಿನಲ್ಲಿ ಬೇಕಾದ ವಚನ ಬೇಕಾದಾಗ ದೊರೆಯುತ್ತದೆ; ಬೇಡವಾದುದನ್ನು ಬೆರಳಿನಿಂದ ದಾಟಿಸಿಬಿಡುವುದೂ ಅಷ್ಟೇ ಸುಲಭ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಗೃಹಸ್ಥನಿಗೆ ಬಸವಣ್ಣನವರ ಏಳು ನಿಷೇಧಗಳ ವಚನವೆಂದರೆ ಪ್ರಾಣ. ಕಳವಿನಿಂದ ಮೊದಲಾಗಿ ಪರನಿಂದೆಯವರೆಗೆ ಬೇಡವೆಂದು ಹೇಳಿದ, ಮಕ್ಕಳಿಗೂ ಬಾಯಿಪಾಠವಾಗಿರುವ ವಚನವದು. ಅವನು ಕದ್ದವನಲ್ಲ, ಕೊಂದವನಲ್ಲ. ಅಡತಿ ಅಂಗಡಿಯಲ್ಲಿದ್ದೂ ಸುಳ್ಳಾಡಿದವನಲ್ಲವೆಂದು ಊರೇ ಹೇಳುತ್ತದೆ. ಆದುದರಿಂದ ಆ ವಚನವನ್ನು ಕೇಳುವಾಗಲೆಲ್ಲ ಅವನಿಗೆ ಒಂದು ತೃಪ್ತಿ. ನಾಲ್ಕನೆಯ ನಿಷೇಧವು ಸಿಟ್ಟಿನದು, ಐದನೆಯದು ಅನ್ಯರ ವಿಷಯದ ಅಸಹ್ಯದ್ದು. ಅವು ಬಂದಾಗ ಅವನ ಮನಸ್ಸು ತಮ್ಮನ ಕಡೆಗೆ ಹರಿಯುತ್ತದೆ. ಹೊಲದ ಹಿಸ್ಸೆಯಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಅವನು ಇದನ್ನು ಕೇಳಬೇಕಿತ್ತು ಎಂದುಕೊಳ್ಳುತ್ತಾನೆ. ತಮ್ಮನೂ ಅದೇ ಸಭೆಯ ಆಚೆಯ ಕಂಬಕ್ಕೆ ಒರಗಿದ್ದಾನೆ; ಅವನ ಮೆಚ್ಚಿನ ವಚನವೂ ಅದೇ; ಅವನೂ ಅಣ್ಣನಿಗಾಗಿಯೇ ಅದನ್ನು ಕೇಳುತ್ತಿದ್ದಾನೆ. ಲೋಕದ ಡೊಂಕನ್ನು ಬಿಟ್ಟು ತಮ್ಮ ತಮ್ಮ ತನುಮನಗಳನ್ನು ಸಂತೈಸಿಕೊಳ್ಳಿರೆಂದು ಬಸವಣ್ಣನವರು ಹೇಳಿದುದು ಇಂಥ ಕೇಳುಗರನ್ನು ಕಂಡೇ ಇರಬೇಕು. ಒಂದು ರಾತ್ರಿ ಗಾಯಕನು ಆ ನಾಲ್ಕನೆಯ ಮಾತಿನಲ್ಲಿಯೇ ನಿಂತು, ಸ್ವರಗಳನ್ನು ಬದಲಿಸುತ್ತ, ಮತ್ತೆ ಮತ್ತೆ ಅದನ್ನೇ ಹಾಡುತ್ತಾನೆ. ಅದು ಬಹುಶಃ ರಾಗದ ಅಗತ್ಯವಷ್ಟೆ. ಆದರೆ ಐದನೆಯ ಸಲಕ್ಕೆ ಅಣ್ಣನ ಕಣ್ಣು ತಮ್ಮನ ಮುಖಕ್ಕೆ ಹೋಗುತ್ತದೆ. ತಮ್ಮನು ಅವನನ್ನೇ ನೋಡುತ್ತಿರುತ್ತಾನೆ. ಬದುವಿನ ಕಲ್ಲು ಮರುದಿನವೂ ಇದ್ದಲ್ಲಿಯೇ ಇದ್ದೀತು. ಆ ಕ್ಷಣದಲ್ಲಿ ಮಾತ್ರ ವಚನವು ಅವನಿಗೆ ಹಿತವಾಗಿರಲಿಲ್ಲ.

ಅಕ್ಕಮಹಾದೇವಿಯವರ ಒಂದು ವಚನವನ್ನು ಹೆಣ್ಣುಮಕ್ಕಳು ಮೆಚ್ಚುವ ಬಗೆ ಇದಕ್ಕಿಂತ ಸೂಕ್ಷ್ಮವಾದುದು. ಬೆಟ್ಟದಲ್ಲಿ ಮನೆ ಕಟ್ಟಿ ಮೃಗಗಳಿಗೆ, ಕಡಲ ದಡದಲ್ಲಿ ಮನೆ ಕಟ್ಟಿ ನೊರೆತೆರೆಗಳಿಗೆ, ಸಂತೆಯಲ್ಲಿ ಮನೆ ಕಟ್ಟಿ ಗದ್ದಲಕ್ಕೆ ಅಂಜಿ ನಾಚುವುದೆಂತೆಂದು ಅಕ್ಕ ಕೇಳುತ್ತಾರೆ. ಸ್ತುತಿನಿಂದೆಗಳು ಬಂದಾಗ ಸಮಾಧಾನದಿಂದಿರಬೇಕೆನ್ನುತ್ತಾರೆ. ಮನೆಯನ್ನೇ ತೊರೆದು ಕದಳಿಗೆ ನಡೆದವರ ಈ ಮಾತು ಮನೆಯಲ್ಲಿಯೇ ಉಳಿದವರಿಗೆ ಇಷ್ಟು ಹತ್ತಿರವಾದುದು ಆಶ್ಚರ್ಯವೆನಿಸಬಹುದು. ಆದರೆ ಹತ್ತು ಜನರ ಮನೆಯ ಸೊಸೆಗೆ ಸಂತೆಯೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುತ್ತ ಅವಳು ಅದನ್ನು ರಾಗವಿಲ್ಲದೆ, ತಾಳವಿಲ್ಲದೆ, ಬಡಿತದ ಸದ್ದಿಗೆ ಸೇರಿಸಿ ತನ್ನಷ್ಟಕ್ಕೆ ಅಂದುಕೊಳ್ಳುತ್ತಾಳೆ. ಹಿಂದಿನ ದಿನ ಅತ್ತೆಯೋ ನೆಗೆಣ್ಣಿಯೋ ಆಡಿದ ಮಾತು ಎದೆಯಲ್ಲಿ ಇನ್ನೂ ಚುಚ್ಚುತ್ತಿರುತ್ತದೆ. ಚೆನ್ನಮಲ್ಲಿಕಾರ್ಜುನನ ಅಂಕಿತವು ಬರುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಉಬ್ಬಿರುತ್ತದೆ. ಅವಳು ಅದನ್ನು ತೆಗೆದು, ಮೊದಲನೆಯದನ್ನು ಅತ್ತೆಯ ತಟ್ಟೆಗೆ ಹಾಕುತ್ತಾಳೆ.